ತಿರುಗುವ ಡಿಶ್‌ನಲ್ಲಿ ಬೆಳೆದ ಬೇರು

ಗಿಡವನ್ನು ಬಾಹ್ಯಾಕಾಶಕ್ಕೆ ಕಳಿಸುವ ಅವಕಾಶ ಎಲ್ಲರಿಗೂ ಸಿಗೋದಿಲ್ಲ. ನನಗೆ ಸಿಕ್ಕಿದ್ದು ಕ್ಲೈನೋಸ್ಟಾಟ್, ಅಂದರೆ ಗಿಡವನ್ನು ತಿರುಗಿಸುತ್ತಾ ತೂಕವಿಲ್ಲದ ಸ್ಥಿತಿಯನ್ನು ನೆಲದ ಮೇಲೇ ಅನುಕರಿಸುವ ಯಂತ್ರ. ಮೋಟಾರಿಗೆ ಗಾಡಿಯ ಚಕ್ರದ ಹಾಗೆ ನಿಲ್ಲಿಸಿ ಸಿಕ್ಕಿಸಿದ ಪೆಟ್ರಿ ಡಿಶ್, ನಿಮಿಷಕ್ಕೆ ಒಂದೆರಡು ಸುತ್ತು, ಅಷ್ಟೆ. ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ ಸಣ್ಣ ಕಾಳುಗಳಿರುತ್ತವೆ. ಅವು ತಳಕ್ಕೆ ಕೂತರೆ ಬೇರಿಗೆ ಕೆಳಗೆ ಯಾವುದು ಅಂತ ಗೊತ್ತಾಗುತ್ತದೆ. ಡಿಶ್ ತಿರುಗುತ್ತಲೇ ಇದ್ದರೆ ಕಾಳುಗಳಿಗೆ ಕೂರಲು ಪುರುಸೊತ್ತೇ ಇಲ್ಲ. ನಾಲ್ಕನೇ ದಿನ ನೋಡಿದಾಗ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಪುಟ್ಟ ಗಿಡದ ಕೂದಲಿನಂಥ ಬೇರುಗಳು ದಿಕ್ಕು ತಪ್ಪಿ ಸುತ್ತಿಕೊಂಡಿದ್ದವು.

ನನಗೆ ಬೇಕಿದ್ದದ್ದು ಕೋಶದೊಳಗಿನ ಸಂಗತಿ. ಒತ್ತಡ ಬಿದ್ದಾಗ ಅಲ್ಲಿ ಹೈಡ್ರೋಜನ್ ಪೆರಾಕ್ಸೈಡ್‌ನಂಥವು ಜಾಸ್ತಿಯಾಗುತ್ತವೆ. ಮಿತಿಯಲ್ಲಿದ್ದರೆ ಕೋಶಕ್ಕೆ ಎಚ್ಚರಿಕೆ ಕೊಡುತ್ತವೆ, ಮಿತಿ ಮೀರಿದರೆ ಡಿಎನ್‌ಎಗೇ ಪೆಟ್ಟು. ಅದನ್ನು ನೋಡಲು ಕಾಮೆಟ್ ಪರೀಕ್ಷೆ ಮಾಡಿದೆ. ಬೇರನ್ನು ಐಸ್ ಮೇಲೆ ಬ್ಲೇಡಿನಿಂದ ಕೊಚ್ಚಿ, ಕೋಶಕೇಂದ್ರಗಳನ್ನು ಬಿಡಿಸಿ, ಅಗರೋಸ್ ಎಂಬ ಜೆಲ್ಲಿಯಂಥ ಪದಾರ್ಥದಲ್ಲಿ ಕೂರಿಸಿ, ಕರೆಂಟ್ ಹರಿಸಬೇಕು. ತುಂಡಾದ ಡಿಎನ್‌ಎ ಮುಂದಕ್ಕೆ ಸರಿದು ಧೂಮಕೇತುವಿನ ಬಾಲದ ಹಾಗೆ ಹೊಳೆಯುತ್ತದೆ. ತುಂಡಾಗದ್ದು ಅಲ್ಲೇ ದುಂಡಗೆ ಉಳಿಯುತ್ತದೆ.

ಮೊದಲ ಸಲ ತಿರುಗಿದ ಬೇರಿಗೂ ಬಾಲ, ತಿರುಗದ ಬೇರಿಗೂ ಬಾಲ! ಎರಡು ವಾರ ತಲೆ ಕೆಡಿಸಿಕೊಂಡೆ. ಹಳೇ ಬ್ಲೇಡು ಬೇರನ್ನು ಕತ್ತರಿಸದೆ ಜಜ್ಜುತ್ತಿತ್ತು. ಮೇಜಿನ ದೀಪ ನೇರವಾಗಿ ಬೀಳುತ್ತಿತ್ತು. ಎರಡರಿಂದಲೂ ಡಿಎನ್‌ಎ ಹಾಳಾಗುತ್ತದೆ, ಅಲ್ವಾ? ಪ್ರತಿ ಸ್ಯಾಂಪಲ್‌ಗೂ ಹೊಸ ಬ್ಲೇಡು, ಮಂದ ಹಳದಿ ಬೆಳಕು. ಇಷ್ಟು ಮಾಡಿದ ಮೇಲೆ ತಿರುಗದ ಬೇರಿನ ಚುಕ್ಕಿಗಳು ದುಂಡಗಾದವು.

ಮೋಟಾರಿನ ಕಂಪನವೂ ಗಿಡಕ್ಕೆ ಒತ್ತಡವೇ. ಹಾಗಾಗಿ ಸುಮ್ನೆ ಮೇಜಿನ ಮೇಲಿಟ್ಟ ಡಿಶ್ ಹೋಲಿಕೆಗೆ ಸಾಲದು. ಅಂಥದೇ ಮೋಟಾರಿನ ಮೇಲೆ, ಬುಗುರಿಯ ಹಾಗೆ ನಿಂತಲ್ಲೇ ತಿರುಗುವ ಡಿಶ್ ಇಟ್ಟೆ. ಅಲ್ಲಿ ಕಂಪನ ಇರುತ್ತದೆ, ಆದರೆ ಕಾಳುಗಳು ತಳಕ್ಕೆ ಕೂರುತ್ತವೆ. ಎರಡೂ ಡಿಶ್‌ಗಳ ಬಾಲಗಳ ನಡುವಿನ ವ್ಯತ್ಯಾಸ ಚಿಕ್ಕದಾಯಿತು. ಆದರೂ ಉಳಿಯಿತು. ನನಗೆ ನಂಬಿಕೆ ಬಂದದ್ದು ಆ ಚಿಕ್ಕ ವ್ಯತ್ಯಾಸದ ಮೇಲೆ.

ಬಾಹ್ಯಾಕಾಶದಲ್ಲಿರುವ ಕಾಸ್ಮಿಕ್ ಕಿರಣ ಮಾತ್ರ ಈ ಯಂತ್ರದಲ್ಲಿ ಸಿಗೋದಿಲ್ಲ. ಅದು ಡಿಎನ್‌ಎಯ ಎರಡೂ ಎಳೆಗಳನ್ನು ಒಟ್ಟಿಗೆ ಕಡಿಯಬಲ್ಲದು. ಅಷ್ಟೆಲ್ಲ ಇದ್ದೂ 1982ರಲ್ಲಿ ಸೋವಿಯತ್ ಒಕ್ಕೂಟದ ಸಲ್ಯೂಟ್ 7 ಬಾಹ್ಯಾಕಾಶ ನಿಲ್ದಾಣದಲ್ಲಿ ಇದೇ ಅರಾಬಿಡಾಪ್ಸಿಸ್ ಹೂ ಬಿಟ್ಟು ಬೀಜ ಕಟ್ಟಿತ್ತು.

ಕೊನೆಗೆ ಮೋಟಾರು ನಿಲ್ಲಿಸಿ ಒಂದು ದಿನ ಕಾದೆ. ಬೇರುಗಳು ಮತ್ತೆ ಕೆಳಕ್ಕೆ ಬಾಗಿದ್ದವು. ಬಾಲಗಳೂ ಗಿಡ್ಡವಾಗಿದ್ದವು.