ಹೊಸ ಕೀಟ ನಮ್ಮ ತೋಟಕ್ಕೆ ಯಾವಾಗ ಬಂದೀತು? ಅಂದಾಜು ಹಾಕುವುದು ಹೀಗೆ

2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ತೆಂಗಿನ ತೋಟಗಳಲ್ಲಿ ರುಗೋಸ್ ಸುರುಳಿ ಬಿಳಿನೊಣ ಕಾಣಿಸಿಕೊಂಡಿತು. ಅದಕ್ಕೆ ಮೊದಲು ಭಾರತದಲ್ಲಿ ಅದನ್ನು ಯಾರೂ ಕಂಡಿರಲಿಲ್ಲ. ತವರು ಮಧ್ಯ ಅಮೆರಿಕ. ಬೆಲೀಜ್ ದೇಶದ ಮಾದರಿಗಳನ್ನು ನೋಡಿ 2004ರಲ್ಲಷ್ಟೇ ವಿಜ್ಞಾನಿಗಳು ಹೆಸರಿಟ್ಟ ಕೀಟ ಅದು. 2009ಕ್ಕೆ ಅಮೆರಿಕದ ಫ್ಲಾರಿಡಾ ಮುಟ್ಟಿತ್ತು. ಪೊಳ್ಳಾಚಿಯಲ್ಲಿ ಕಂಡ ಕೆಲವೇ ತಿಂಗಳಲ್ಲಿ ಆಂಧ್ರದ ಗೋದಾವರಿ ಸೀಮೆಯ ಕಡಿಯಂನಲ್ಲೂ ಸಿಕ್ಕಿತು. ಎರಡು ಊರುಗಳ ನಡುವೆ 800 ಕಿ.ಮೀ.ಗೂ ಹೆಚ್ಚು ದೂರವಿದೆ. ಕಡಿಯಂ ಹೆಸರಾಗಿರುವುದೇ ನರ್ಸರಿಗಳಿಗೆ.

ಬಿಳಿನೊಣಕ್ಕೆ ಅಷ್ಟು ದೂರ ಹಾರುವ ತಾಕತ್ತಿಲ್ಲ. ಮರದಿಂದ ಮರಕ್ಕೆ, ಗಾಳಿ ಕೂಡಿಬಂದರೆ ಪಕ್ಕದ ತೋಟಕ್ಕೆ ಹೋದೀತು. ಉಳಿದ ದಾರಿಯನ್ನು ಅದು ಸಸಿ, ಎಲೆ ಹೊತ್ತ ಗಾಡಿಯಲ್ಲೇ ಕ್ರಮಿಸಿರಬೇಕು. ಹಾಗಾಗಿ ಕೀಟ ಕಂಡ ಊರಿನ ಸುತ್ತ ನಕ್ಷೆಯಲ್ಲಿ ವೃತ್ತ ಎಳೆದು ‘ಈ ವರ್ಷ ಇಷ್ಟು, ಮುಂದಿನ ವರ್ಷ ಅಷ್ಟು’ ಎಂದು ಹಾಕುವ ಲೆಕ್ಕ ಕೈಕೊಡುತ್ತದೆ.

ರುಗೋಸ್ ಈಗ ನಮ್ಮ ತೆಂಗಿನ ಸೀಮೆಯಲ್ಲಿ ಬೇರೂರಿಯಾಗಿದೆ. ಅದರ ಬೆನ್ನಿಗೇ ಬಂದವೂ ಇವೆ: 2018ರಲ್ಲಿ ಕೇರಳದಲ್ಲಿ ಬೋಂಡಾರ್ ಗೂಡು ಬಿಳಿನೊಣ, 2019ರಲ್ಲಿ ನಮ್ಮ ಮಂಡ್ಯದಲ್ಲೇ ವರದಿಯಾದ ಅಲ್ಯುರೋಟ್ರಾಕೆಲಸ್ ಅಟ್ರೇಟಸ್ ಎಂಬ ಇನ್ನೊಂದು ಬಿಳಿನೊಣ. ಇನ್ನೂ ಬರುತ್ತವೆ. ಬರುವ ಮೊದಲೇ ಅಂದಾಜು ಹಾಕುವ ಕೆಲಸವನ್ನು ಬೆಳೆಗಾರರ ಸಂಘವೋ ಪಂಚಾಯಿತಿಯೋ ತಾನೇ ಮಾಡಬಹುದು. ಬೇಕಾದ್ದು ತಾಲ್ಲೂಕಿನ ನಕ್ಷೆ, ಒಂದು ನೋಟ್‌ಬುಕ್, 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಮತ್ತು ಮೊಬೈಲ್.

ಹೆಜ್ಜೆ 1: ಬಂದಿರುವುದು ಯಾವುದು?

‘ಬಿಳಿನೊಣ ಬಂದಿದೆ’ ಎಂಬ ಮಾತು ಅಂದಾಜಿಗೆ ಸಾಲದು. ಕೆಳಗಿನ ಗರಿಯೊಂದನ್ನು ಬಗ್ಗಿಸಿ, ಎಲೆಯ ಅಡಿಭಾಗ ನೋಡಿ. ಬಿಳಿ ಮೇಣದ ಪುಡಿ ಸುರುಳಿ ಸುರುಳಿಯಾಗಿ ಹರಡಿ, ಅದೇ ಸಾಲಿನಲ್ಲಿ ಮೊಟ್ಟೆಗಳಿದ್ದರೆ ಅದು ಸುರುಳಿ ಬಿಳಿನೊಣದ ಗುರುತು. ಹತ್ತಿಯ ಉಂಗುರದಂಥ ಪುಟ್ಟ ಗೂಡು ಕಟ್ಟಿಕೊಂಡು, ಅದರೊಳಗೆ ಇನ್ನೂ ಚಿಕ್ಕ ನೊಣ ಕೂತಿದ್ದರೆ ಗೂಡು ಬಿಳಿನೊಣ. ಕಪ್ಪು ಕೋಶದ (ಮರಿಯ ಕೊನೆಯ ಹಂತದ ಚಿಪ್ಪಿನ) ಅಂಚಿಗೆ ಬಿಳಿ ಮೇಣದ ಕುಚ್ಚು ಕಂಡರೆ ಮಂಡ್ಯದಲ್ಲಿ ಸಿಕ್ಕ ಜಾತಿ ಇರಬಹುದು. ಎಲೆಯ ಮೇಲೆ, ಕೆಳಗಿನ ಬಾಳೆಯ ಮೇಲೆ ಕಾಡಿಗೆಯಂತೆ ಹರಡುವ ಕಪ್ಪು ಬೂಷ್ಟು ಎಲ್ಲದರಲ್ಲೂ ಬರುವುದರಿಂದ ಅದೊಂದನ್ನೇ ನೋಡಿ ತೀರ್ಮಾನಿಸಬೇಡಿ. ಫೋಟೊ, ದಿನಾಂಕ, ಜಾಗ ಮೂರನ್ನೂ ಬರೆದಿಟ್ಟು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ ಖಚಿತಪಡಿಸಿಕೊಳ್ಳಿ. ಜಾತಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಹೆಜ್ಜೆ 2: ನಮ್ಮ ಹವೆ ಅದಕ್ಕೆ ಒಗ್ಗುತ್ತದೆಯೇ?

ವಿಜ್ಞಾನಿಗಳು ಕೀಟದ ತವರಿನ ಬಿಸಿಲು, ಮಳೆ, ತೇವಾಂಶಗಳನ್ನು ಬೇರೆ ಊರುಗಳ ಹವೆಯೊಂದಿಗೆ ಹೋಲಿಸುತ್ತಾರೆ. ಕ್ಲೈಮೆಕ್ಸ್, ಮ್ಯಾಕ್ಸೆಂಟ್ ಎಂಬ ತಂತ್ರಾಂಶಗಳು ಇದಕ್ಕೆ ಬಳಕೆಯಲ್ಲಿವೆ. ನಕ್ಷೆಯಲ್ಲಿ ಕೆಂಪಾಗಿ ಕಾಣುವ ಜಾಗದಲ್ಲಿ ಕೀಟ ಬದುಕಬಲ್ಲದು ಎಂದಷ್ಟೇ ಅರ್ಥ. ಯಾವಾಗ ಬರುತ್ತದೆ ಎಂಬುದನ್ನು ಆ ನಕ್ಷೆ ಹೇಳುವುದಿಲ್ಲ. ಪತ್ರಿಕೆಗಳಲ್ಲಿ ಇಂಥ ನಕ್ಷೆ ಕಂಡು ಗಾಬರಿಯಾಗುವವರಿಗೆ ಈ ಮಾತು ಒತ್ತಿ ಹೇಳಬೇಕಾಗಿದೆ.

ಉಷ್ಣಾಂಶದ ಲೆಕ್ಕವನ್ನು ಕೈಯಲ್ಲೇ ಮಾಡಬಹುದು. ಇದಕ್ಕೆ ಕಾಫಿಯ ಕಾಯಿಕೊರಕ ಒಳ್ಳೆಯ ಉದಾಹರಣೆ. ಆಫ್ರಿಕಾ ಮೂಲದ ಈ ದುಂಬಿ ಭಾರತದಲ್ಲಿ ಮೊದಲು ಪತ್ತೆಯಾದದ್ದು 1990ರಲ್ಲಿ, ನೀಲಗಿರಿ ಜಿಲ್ಲೆಯ ಗೂಡಲೂರಿನಲ್ಲಿ. ಅಲ್ಲಿಂದ ವಯನಾಡು, ಕೊಡಗಿಗೆ ಬಂತು. ಅದರ ಬೆಳವಣಿಗೆಗೆ ಕನಿಷ್ಠ 14.9 ಡಿಗ್ರಿ ಸೆಲ್ಸಿಯಸ್ ಬೇಕು. 32 ದಾಟಿದರೆ ಬೆಳವಣಿಗೆ ನಿಲ್ಲುತ್ತದೆ. ದಿನದ ಸರಾಸರಿ 25 ಇದ್ದರೆ, 14.9 ಕಳೆದು ಸುಮಾರು 10 ಡಿಗ್ರಿ ಲಾಭ. ಮೊಟ್ಟೆಯಿಂದ ದುಂಬಿಯಾಗಲು ಹೀಗೆ ಹತ್ತಿರ ಹತ್ತಿರ 300 ಕೂಡಬೇಕು, ಅಂದರೆ ಒಂದು ತಿಂಗಳು. ಸರಾಸರಿ 20ಕ್ಕೆ ಇಳಿದರೆ ದಿನಕ್ಕೆ ಸಿಗುವುದು 5 ಮಾತ್ರ, ಒಂದು ಪೀಳಿಗೆಗೆ ಎರಡು ತಿಂಗಳು ಹಿಡಿಯುತ್ತದೆ. ಎತ್ತರದ ತಂಪು ತೋಟಕ್ಕೂ ತಗ್ಗಿನ ರೊಬಸ್ಟಾ ತೋಟಕ್ಕೂ ಕಾಟದಲ್ಲಿ ವ್ಯತ್ಯಾಸ ಹುಟ್ಟುವುದು ಇಲ್ಲೇ. ಇಥಿಯೋಪಿಯಾದ ಜಿಮ್ಮಾದ ಹವಾಮಾನ ದಾಖಲೆಗಳಿಗೆ ಇದೇ ಬಗೆಯ ಲೆಕ್ಕ ಹಾಕಿದವರಿಗೆ, 1984ರವರೆಗೆ ಅಲ್ಲಿನ ತಂಪಿನಲ್ಲಿ ಕಾಯಿಕೊರಕ ವರ್ಷಕ್ಕೆ ಒಂದು ಪೀಳಿಗೆಯನ್ನೂ ಪೂರೈಸಲಾಗುತ್ತಿರಲಿಲ್ಲ, ಬಿಸಿ ಏರಿದ ಮೇಲೆ ಒಂದೆರಡು ಪೀಳಿಗೆ ಸಾಧ್ಯವಾಯಿತು ಎಂಬುದು ಗೊತ್ತಾಯಿತು. ನಿಮ್ಮ ಎಸ್ಟೇಟಿನ ಹಳೆಯ ಹವಾಮಾನ ಪುಸ್ತಕವಿದ್ದರೆ ಎಸೆಯಬೇಡಿ.

ತೆಂಗಿನ ಬಿಳಿನೊಣಗಳಿಗೆ ಈ ಹೆಜ್ಜೆಯಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ಕರಾವಳಿಯಲ್ಲೂ ಬಯಲುಸೀಮೆಯಲ್ಲೂ ಬದುಕುತ್ತೇವೆಂದು ಅವು ತೋರಿಸಿಕೊಟ್ಟಿವೆ.

ಹೆಜ್ಜೆ 3: ಊಟ ಎಲ್ಲಿದೆ?

ನಕ್ಷೆಯಲ್ಲಿ ತೆಂಗಿನ ತೋಟಗಳನ್ನು ಗುರುತಿಸಿ. ರುಗೋಸ್‌ನಂಥ ಕೀಟ ಬಾಳೆ, ಸೀಬೆಯಂಥ ಗಿಡಗಳ ಮೇಲೂ ಬದುಕುವುದರಿಂದ ಅವನ್ನೂ ಸೇರಿಸಿ. ಮನೆ ಹಿತ್ತಲಿನ ಎರಡು ಮರ, ದೇವಸ್ಥಾನದ ಅಂಗಳದ ನಾಲ್ಕು ಮರಗಳನ್ನು ಬಿಡಬೇಡಿ. ತೋಟಗಳ ನಡುವೆ ಖಾಲಿ ಜಾಗವಿದೆ ಎಂದುಕೊಂಡ ಕಡೆ ಕೀಟಕ್ಕೆ ತಂಗುದಾಣವಾಗುವುದು ಅವೇ.

ಹೆಜ್ಜೆ 4: ಯಾವ ಗಾಡಿ ಎಲ್ಲಿಂದ ಬರುತ್ತದೆ?

ಇಡೀ ಅಂದಾಜಿನಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಇದಕ್ಕೆ, ಆದರೆ ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಕಳೆದೊಂದು ವರ್ಷದಲ್ಲಿ ಊರಿಗೆ ಏನೇನು ಹಸಿರು ಸರಕು ಬಂತು ಎಂದು ಕೇಳುತ್ತಾ ಹೋಗಿ. ತೆಂಗಿನ ಸಸಿ, ಅಡಿಕೆ ಸಸಿ, ಅಲಂಕಾರದ ತಾಳೆ ಗಿಡ, ಹಬ್ಬಕ್ಕೆ ಬಂದ ಬಾಳೆಕಂದು, ಮದುವೆ ಚಪ್ಪರಕ್ಕೆ ತಂದ ಹಸಿ ಗರಿ. ಮದ್ದೂರಿನಂಥ ದೊಡ್ಡ ಎಳನೀರು ಮಾರುಕಟ್ಟೆಗೆ ಹೋಗಿ ಬರುವ ಲಾರಿಗಳನ್ನೂ ಬರೆದುಕೊಳ್ಳಿ. ಗೊನೆಯ ನಡುವೆ ಎಲೆ ಸಿಕ್ಕಿಕೊಂಡಿರುತ್ತದೆ. ಬಿಳಿನೊಣದ ಮರಿಗಳು ಎಲೆಗೆ ಅಂಟಿಕೊಂಡೇ ಬೆಳೆಯುವುದರಿಂದ ಎಲೆ ಇಲ್ಲದ ಸರಕಿನ ಅಪಾಯ ತೀರಾ ಕಡಿಮೆ. ತಿಪಟೂರಿಗೆ ಹೋಗುವ ಕೊಬ್ಬರಿ ಚೀಲಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಾನು ಸಸಿಗೆ 3 ಅಂಕ, ಹಸಿ ಗರಿ ಮತ್ತು ಬಾಳೆಕಂದಿಗೆ 2, ಎಳನೀರು ಲಾರಿಗೆ 1, ಕೊಬ್ಬರಿಗೆ ಸೊನ್ನೆ ಕೊಡುತ್ತೇನೆ. ಅಂಕವನ್ನು ತಿಂಗಳಿಗೆ ಎಷ್ಟು ಸಲ ಗಾಡಿ ಬರುತ್ತದೆ ಎಂಬುದರಿಂದ ಗುಣಿಸಿ. ಕೀಟವಿರುವ ಸೀಮೆಯ ನರ್ಸರಿ 100 ಕಿ.ಮೀ. ಆಚೆ ಇದ್ದು ತಿಂಗಳಿಗೆ 4 ಲೋಡ್ ಸಸಿ ಬಂದರೆ 12 ಅಂಕ. 10 ಕಿ.ಮೀ. ದೂರದ ಕೀಟವಿರುವ ಹಳ್ಳಿಯಿಂದ ತಿಂಗಳಿಗೆ ಒಂದು ಲೋಡ್ ಗರಿ ಬಂದರೆ 2. ಗಾಡಿಯ ದಾರಿಯಲ್ಲಿ ಬರುವ ಕೀಟದ ಮಟ್ಟಿಗೆ ನಿಮ್ಮೂರಿಗೆ ಹತ್ತಿರವಿರುವುದು ಆ ನರ್ಸರಿಯೇ.

ನೀಲಗಿರಿ ಮರದ ಗಂಟು ಕಣಜದ ಕಥೆಯನ್ನು ಇಲ್ಲಿ ನೆನೆಯಬೇಕು. ಆಸ್ಟ್ರೇಲಿಯಾ ಮೂಲದ ಈ ಕಣಜ 2000ದ ಹೊತ್ತಿಗೆ ಪಶ್ಚಿಮ ಏಷ್ಯಾದಲ್ಲಿ ಕಂಡು, 2001ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಗೋಚರಿಸಿತು. ಅದು ಮೊಟ್ಟೆ ಇಡುವುದು ಎಳೆ ಎಲೆಯ ನಾಳ, ತೊಟ್ಟಿನ ಒಳಗೆ. ಗಂಟು ಉಬ್ಬುವವರೆಗೆ ಸಸಿ ಆರೋಗ್ಯವಾಗಿಯೇ ಕಾಣುತ್ತದೆ. ಮಾರುವವರಿಗೂ ಕೊಳ್ಳುವವರಿಗೂ ಗೊತ್ತಾಗದೆ ಅದು ಪ್ರಯಾಣ ಮಾಡಬಲ್ಲದು. ಸಸಿ ಚೆನ್ನಾಗಿ ಕಾಣುತ್ತಿದೆ ಎಂದು ಅಂಕ ಕಡಿಮೆ ಮಾಡಬೇಡಿ.

ಹೆಜ್ಜೆ 5: ತೆವಳುವ ವೇಗ

ಪಕ್ಕದ ತೋಟದಿಂದ ಪಕ್ಕದ ತೋಟಕ್ಕೆ ಬರುವ ವೇಗವನ್ನು ಬೇರೆಯಾಗಿ ಲೆಕ್ಕ ಹಾಕಿ. ಒಂದು ಕಲ್ಪಿತ ಉದಾಹರಣೆ: ಮೊದಲ ಹಳ್ಳಿಯಲ್ಲಿ ಜನವರಿಯಲ್ಲಿ, ಅಲ್ಲಿಂದ 6 ಕಿ.ಮೀ. ದೂರದ ಎರಡನೆಯದರಲ್ಲಿ ಏಪ್ರಿಲ್‌ನಲ್ಲಿ, ಇನ್ನೂ 9 ಕಿ.ಮೀ. ಆಚೆಯ ಮೂರನೆಯದರಲ್ಲಿ ಜೂನ್‌ನಲ್ಲಿ ಕೀಟ ಕಂಡಿತು ಎನ್ನಿ. ಮೊದಲ ಭಾಗದಲ್ಲಿ ವೇಗ ತಿಂಗಳಿಗೆ 2 ಕಿ.ಮೀ., ಎರಡನೆಯದರಲ್ಲಿ 4.5. ನಿಮ್ಮ ತೋಟ ಮೂರನೆಯ ಹಳ್ಳಿಯಿಂದ 27 ಕಿ.ಮೀ. ಇದ್ದರೆ, ಬೇಗ ಬಂದರೆ 6 ತಿಂಗಳು, ತಡವಾದರೆ 13ರಿಂದ 14 ತಿಂಗಳು. ಸರಾಸರಿ ತೆಗೆದು ಒಂದೇ ದಿನಾಂಕ ಹೇಳುವ ಆಸೆಗೆ ಬೀಳಬೇಡಿ. ‘ಡಿಸೆಂಬರ್‌ನಿಂದ ಮುಂದಿನ ಜುಲೈ, ಆಗಸ್ಟ್‌ವರೆಗೆ’ ಎಂದು ಹೇಳುವುದೇ ಸರಿ.

ಇದಕ್ಕೆ ಎರಡು ತಿದ್ದುಪಡಿ. ಕಪ್ಪು ಬೂಷ್ಟು ಕಣ್ಣಿಗೆ ಬೀಳುವಷ್ಟರಲ್ಲಿ ಕೀಟದ ಒಂದೆರಡು ಪೀಳಿಗೆ ಕಳೆದಿರುತ್ತದೆ. ಆದ್ದರಿಂದ ಕಾವಲನ್ನು ಲೆಕ್ಕಕ್ಕಿಂತ ಎರಡು ತಿಂಗಳು ಮೊದಲೇ ಶುರು ಮಾಡಿ. ಇನ್ನೊಂದು, ಜೋರು ಮಳೆಯಲ್ಲಿ ಬಿಳಿನೊಣ ಕುಗ್ಗಿ, ಒಣ ತಿಂಗಳುಗಳಲ್ಲಿ ಏರುತ್ತದೆ. ಬೇಸಿಗೆಯ ವೇಗವನ್ನು ಮುಂಗಾರಿಗೆ ಹಾಕಬೇಡಿ.

‘ಇಲ್ಲ’ ಎಂಬುದನ್ನೂ ಬರೆಯಿರಿ. ತೋಟಕ್ಕೆ ಹೋಗಿ, 10 ಮರ ನೋಡಿ, ಏನೂ ಸಿಗದಿದ್ದರೆ ದಿನಾಂಕ ಹಾಕಿ ‘ನೋಡಿದೆ, ಇಲ್ಲ’ ಎಂದು ದಾಖಲಿಸಿ. ನಕ್ಷೆಯ ಖಾಲಿ ಜಾಗದಲ್ಲಿ ಕೀಟ ಇಲ್ಲವೋ, ನೋಡಿದವರೇ ಇಲ್ಲವೋ ಎಂದು ಬೇರೆ ಮಾಡುವುದು ಈ ಒಂದು ಸಾಲು. ನಮ್ಮ ಕಡೆ ಇದನ್ನು ಬರೆಯುವವರು ತುಂಬಾ ಕಡಿಮೆ. ಎಷ್ಟೋ ಅಂದಾಜುಗಳು ಕೆಡುವುದು ಇದೇ ಕಾರಣಕ್ಕೆ.

ಹೆಜ್ಜೆ 6: ಶತ್ರು ಜೊತೆಗೆ ಬಂದಿದ್ದಾನೆಯೇ?

ರುಗೋಸ್‌ನ ಬೆನ್ನಟ್ಟಿ ಎನ್ಕಾರ್ಸಿಯಾ ಗ್ವಾಡೆಲೂಪೆ ಎಂಬ ಕಣ್ಣಿಗೆ ಕಾಣಿಸದಷ್ಟು ಪುಟ್ಟ ಪರತಂತ್ರ ಕಣಜವೂ (ಬಿಳಿನೊಣದ ಮರಿಯಲ್ಲೇ ಬೆಳೆದು ಅದನ್ನು ಕೊಲ್ಲುವ ಕಣಜ) ನಮ್ಮ ತೋಟಗಳಲ್ಲಿ ನೆಲೆಸಿದೆ. ಭೂತಗನ್ನಡಿಯಲ್ಲಿ ಖಾಲಿ ಕೋಶಗಳನ್ನು ನೋಡಿ. ‘ಟಿ’ ಆಕಾರದಲ್ಲಿ ಸೀಳಿದ್ದರೆ ಅದರಿಂದ ಬಿಳಿನೊಣ ಹೊರಬಂದಿದೆ. ದುಂಡನೆಯ ತೂತಿದ್ದರೆ ಬಂದದ್ದು ಕಣಜ. ದುಂಡು ತೂತುಗಳು ಹೆಚ್ಚಿರುವ ತೋಟದಿಂದ ಕೀಟ ಹೊರಗೆ ಚೆಲ್ಲುವ ಪ್ರಮಾಣ ಇಳಿಯುತ್ತದೆ. ನಕ್ಷೆಯಲ್ಲಿ ಅದಕ್ಕೆ ಬೇರೆ ಬಣ್ಣ ಕೊಡಿ. ರಾಸಾಯನಿಕ ಸಿಂಪಡಿಸಿದ ತೋಟದಲ್ಲಿ ಕಣಜವೂ ಸಾಯುವುದರಿಂದ ಅಲ್ಲಿ ಕೀಟ ಮತ್ತೆ ಏರುವ ಸಾಧ್ಯತೆಯನ್ನು ಲೆಕ್ಕಕ್ಕೆ ಹಿಡಿಯಿರಿ. ನೆಟ್ಟಗೆ ಹೇಳುವುದಾದರೆ, ಬಿಳಿನೊಣ ಕಂಡ ಕೂಡಲೇ ಸಿಂಪಡಣೆಗೆ ಓಡುವುದು ಬೇಡ.

ಹೆಜ್ಜೆ 7: ಅಂದಾಜನ್ನು ಪರೀಕ್ಷೆಗೆ ಹಚ್ಚಿ

ಹೆಚ್ಚು ಅಂಕ ಬಂದ ದಾರಿಗಳ ಕೊನೆಯಲ್ಲಿ, ಸಸಿ ಇಳಿಸುವ ಜಾಗದ ಹತ್ತಿರ, ಹರಳೆಣ್ಣೆ ಸವರಿದ ಹಳದಿ ಹಾಳೆ ಕಟ್ಟಿ ವಾರಕ್ಕೊಮ್ಮೆ ನೋಡಿ. ಹೊಸ ಸಸಿಗಳನ್ನು ಒಂದೂವರೆ ಎರಡು ತಿಂಗಳು ತೋಟದಿಂದ ದೂರವಿಟ್ಟು, ಎಲೆಯ ಅಡಿ ಪರೀಕ್ಷಿಸಿದ ಮೇಲೆಯೇ ನೆಡಿ. ‘ಇಂಥ ಊರಿಗೆ, ಇಂಥ ತಿಂಗಳುಗಳ ನಡುವೆ, ಇಂಥ ದಾರಿಯಲ್ಲಿ’ ಎಂದು ಅಂದಾಜನ್ನು ಮೊದಲೇ ಬರೆದು ಸಂಘದ ಫಲಕಕ್ಕೆ ಅಂಟಿಸಿ. ಕೀಟ ನೀವು ಎಣಿಸದ ಊರಿನಲ್ಲಿ ಕಂಡರೆ ಅಲ್ಲಿಗೆ ಹೋಗಿ, ಹಿಂದಿನ ಆರು ತಿಂಗಳಲ್ಲಿ ಯಾರ ಮನೆಗೆ ಎಲ್ಲಿಂದ ಗಿಡ ಬಂತು ಎಂದು ವಿಚಾರಿಸಿ. ಸಿಕ್ಕ ದಾರಿಯನ್ನು ಪಟ್ಟಿಗೆ ಸೇರಿಸಿ, ಅಂಕ ತಿದ್ದಿ, ಹೊಸ ಅಂದಾಜನ್ನು ಹಳೆಯದರ ಪಕ್ಕದಲ್ಲೇ ಅಂಟಿಸಿ.