ಆರಿಸುವವರ ಮಾತೇ ಕೊನೆ

ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಆಯ್ಕೆ ವಿಭಾಗದ ಉಸ್ತುವಾರಿ ನನ್ನದು. ರೈತರು ತಂದ ಚಾಲಿಯನ್ನು, ಅಂದರೆ ಹಣ್ಣಾದ ಮೇಲೆ ಒಣಗಿಸಿ ಸುಲಿದ ಅಡಿಕೆಯನ್ನು, ಹರವಿ, ಒಳ್ಳೆಯದನ್ನು ಬೇರೆ ಮಾಡಿ, ಅದಕ್ಕಿಂತ ಕಡಿಮೆ ದರ್ಜೆಯ ಬಿಳಿಗೋಟು ಒಂದು ಕಡೆ, ಹಾಳಾದ ಕೋಕಾ ಇನ್ನೊಂದು ಕಡೆ ಹಾಕಬೇಕು. ಈ ಕೆಲಸ ಮಾಡುವವರು ಹೆಚ್ಚಿನವರು ಹೆಂಗಸರೇ. ದಿನವಿಡೀ ಧೂಳಿನಲ್ಲಿ ಕೂತು ಬೆನ್ನು ಹಿಡಿದುಕೊಳ್ಳುತ್ತದೆ. ಇಂಥ ಕಡೆ ಸಭೆ ಕರೆದು ಭಾಷಣ ಮಾಡಿದರೆ ಯಾರಿಗೂ ಕೆಲಸದ ಮೇಲೆ ಅಭಿಮಾನ ಹುಟ್ಟುವುದಿಲ್ಲ. ಅವರು ಕೋಕಾ ಎಂದು ಪಕ್ಕಕ್ಕೆ ಹಾಕಿದ್ದು, ಖರೀದಿದಾರರು ದರ ಬರೆದು ಹಾಕುವ ಟೆಂಡರ್ ಮುಗಿಯುವವರೆಗೂ ಕೋಕಾ ಆಗಿಯೇ ಉಳಿಯಬೇಕು. ಅದನ್ನು ಕಾಯುವುದೇ ಮೇಲಿದ್ದವನ ಮೊದಲ ಕೆಲಸ ಎಂದು ನಾನು ನಂಬಿದ್ದೇನೆ.

ಒಮ್ಮೆ ನಮ್ಮ ಹಳೆಯ ಗಿರಾಕಿಯಾದ ರೈತರೊಬ್ಬರ ಚಾಲಿ ಬಂತು. ಮೇಲಿನದು ಚೆನ್ನಾಗಿತ್ತು, ಚೀಲದ ಅಡಿಯದ್ದು ಸರಿಯಾಗಿ ಒಣಗಿರಲಿಲ್ಲ. ನಮ್ಮಲ್ಲಿ ಹಿರಿಯರಾದ ಅಕ್ಕ ಒಂದು ಅಡಿಕೆಯನ್ನು ಅಡಕತ್ತರಿಯಲ್ಲಿ ಸೀಳಿ ತೋರಿಸಿದರು, ಒಳಗೆ ಕಪ್ಪು.

“ತಮಾ, ಎಷ್ಟು ವರ್ಷದ ವ್ಯವಹಾರ ನಮ್ದು, ಒಟ್ಟಿಗೇ ಸೇರ್ಸಿಬಿಡು” ಎಂದರು ಗಿರಾಕಿ.

“ಹೆಗಡೇರೇ, ಅಕ್ಕ ಹೇಳಿದ್ದೇ ಕೊನೆ. ಬೇಕಾದ್ರೆ ನಿಮ್ಮೆದುರೇ ಇನ್ನೊಂದು ಮುಷ್ಟಿ ಸೀಳಿ ನೋಡ್ವ.”

ಸೀಳಿದೆವು. ಹೆಚ್ಚಿನವು ಹಾಗೇ ಇದ್ದವು. ಅಡಿಯ ಮಾಲು ಬೇರೆಯೇ ಹೋಯಿತು, ಅವರು ಮುನಿಸಿಕೊಂಡು ಹೊರಟರು. ಆಮೇಲೆ ಅಕ್ಕ ಏನೂ ಹೇಳಲಿಲ್ಲ. ಆದರೆ ಅನುಮಾನ ಬಂದ ಅಡಿಕೆಯನ್ನು ಉಳಿದವರೂ ತಾವಾಗಿ ಸೀಳಿ ನೋಡತೊಡಗಿದರು. ಮೊದಲೆಲ್ಲ ಅನುಮಾನ ಬಂದರೆ ನನ್ನ ಮುಖ ನೋಡುತ್ತಿದ್ದರು.

ನೈತಿಕ ನಾಯಕತ್ವದ ಬಗ್ಗೆ ಬ್ರೌನ್, ಟ್ರೆವಿನೊ, ಹ್ಯಾರಿಸನ್ ಎಂಬ ಮೂವರು ಸಂಶೋಧಕರು 2005ರಲ್ಲಿ ಕೊಟ್ಟ ವಿವರಣೆಯಲ್ಲಿ ಎರಡು ಮಾತಿವೆ: ತಾನು ಸರಿಯಾಗಿ ನಡೆದು ತೋರಿಸುವುದು, ಅದೇ ನಡತೆಯನ್ನು ಮಾತುಕತೆ, ಮೆಚ್ಚುಗೆ, ಶಿಸ್ತು, ತೀರ್ಮಾನಗಳ ಮೂಲಕ ಕೈಕೆಳಗಿನವರಲ್ಲಿ ಬೆಳೆಸುವುದು. ಎರಡನೆಯದಕ್ಕೆ ವ್ಯವಸ್ಥೆಯೇ ಬೇಕು. ಚೀಲದ ಲೆಕ್ಕದಲ್ಲಿ ಕೂಲಿ ಕೊಡುತ್ತ ‘ನಿಧಾನವಾಗಿ ನೋಡಿ ಆರಿಸಿ’ ಎಂದರೆ ಅದು ಅನ್ಯಾಯ. ಹಾಗಾಗಿ ದಿನಗೂಲಿ ಮಾಡಿಸಿದೆ. ಲಾಟಿನ, ಅಂದರೆ ಒಬ್ಬೊಬ್ಬರ ಮಾಲಿನ ರಾಶಿಯ, ಚೀಟಿಯಲ್ಲಿ ರೈತರ ಹೆಸರು ತೆಗೆದು ಬರೀ ನಂಬರು ಇಟ್ಟೆವು. ದೊಡ್ಡ ತೋಟದವರದ್ದೋ ಹತ್ತು ಗುಂಟೆಯವರದ್ದೋ ಆರಿಸುವ ಕೈಗೆ ಗೊತ್ತಾಗಬಾರದು. ಟೆಂಡರ್ ತೆರೆದ ಮೇಲೆ ಯಾವ ನಂಬರಿಗೆ ಕ್ವಿಂಟಲಿಗೆ ಎಷ್ಟು ದರ ಬಿತ್ತೆಂದು ಅವರಿಗೇ ಓದಿ ಹೇಳುತ್ತೇನೆ. ಆ ಹೊತ್ತಿಗೆ ಎಲ್ಲರೂ ಕೈ ನಿಲ್ಲಿಸಿ ಕೇಳುತ್ತಾರೆ. ತಾವು ಆರಿಸಿದ್ದಕ್ಕೆ ಒಳ್ಳೆಯ ದರ ಬಿದ್ದರೆ ಅದು ಅವರದ್ದೇ ಗೆಲುವು.

2019ರಲ್ಲಿ ‘ಶಿರಸಿ ಸುಪಾರಿ’ಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆಗೆ ಬಂದ ಹೆಸರು ಅದು. ಒಂದು ಲಾಟಿನಲ್ಲಿ ಕಲಬೆರಕೆ ಸಿಕ್ಕರೆ ಖರೀದಿದಾರ ಮುಂದಿನ ಸಲ ಎಲ್ಲ ಲಾಟಿಗೂ ದರ ಇಳಿಸಿ ಬರೆಯುತ್ತಾನೆ. ಇದನ್ನು ಆರಿಸುವವರಿಗೆ ಬಿಡಿಸಿ ಹೇಳಿದ್ದೇನೆ, ಹೊಸಬರು ಬಂದಾಗಲೆಲ್ಲ ಹೇಳುತ್ತೇನೆ.

ಈಗ ಇದೇ ಕ್ರಮವನ್ನು ತೂಕದ ಕಡೆಗೂ ತರುತ್ತಿದ್ದೇವೆ. ರೈತ ಕಾಟಾದ ಎದುರು ನಿಂತು ಅಂಕಿ ನೋಡುವವರೆಗೆ ಚೀಲ ಇಳಿಸುವುದಿಲ್ಲ ಎಂದು ಹಮಾಲರೇ ಹೇಳಿದ್ದಾರೆ.