ಟೆಲಿಕನ್ವರ್ಟರ್ ಹಾಕೋದಾ, ಕ್ರಾಪ್ ಮಾಡೋದಾ? ನೀವೇ ಪರೀಕ್ಷೆ ಮಾಡಿ ನೋಡಿ

ಟೆಲಿಕನ್ವರ್ಟರ್ (ಕ್ಯಾಮೆರಾಗೂ ಲೆನ್ಸ್‌ಗೂ ನಡುವೆ ಕೂರಿಸಿ ಚಿತ್ರ ದೊಡ್ಡದು ಮಾಡುವ ಪುಟ್ಟ ಲೆನ್ಸ್) ಹಾಕಿದರೆ ಶಾರ್ಪ್‌ನೆಸ್ ಕಡಿಮೆಯಾಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಸರಿ, ಆದರೆ ಹಕ್ಕಿ ದೂರದಲ್ಲಿ ಕೂತಿದ್ದಾಗ ನಮ್ಮ ಮುಂದಿರೋದು ಎರಡೇ ದಾರಿ: ಕನ್ವರ್ಟರ್ ಹಾಕೋದು, ಇಲ್ಲಾ ಬರೀ ಲೆನ್ಸ್‌ನಲ್ಲಿ ತೆಗೆದು ಆಮೇಲೆ ಕ್ರಾಪ್ ಮಾಡೋದು, ಅಂದ್ರೆ ಹಕ್ಕಿಯಿರುವ ಭಾಗ ಮಾತ್ರ ಕತ್ತರಿಸಿಕೊಳ್ಳೋದು. ಇವೆರಡರಲ್ಲಿ ಯಾವುದು ಮೇಲು ಅಂತ ನೋಡಬೇಕು.

ಮೊದಲು ಲೆಕ್ಕ. 600 ಮಿ.ಮೀ. ಎಫ್/4 ಲೆನ್ಸ್‌ಗೆ 1.4 ಪಟ್ಟಿನ ಕನ್ವರ್ಟರ್ ಹಾಕಿದರೆ 840 ಮಿ.ಮೀ. ಎಫ್/5.6 ಆಗುತ್ತೆ, ಒಂದು ಸ್ಟಾಪ್ ಬೆಳಕು ಹೋಯಿತು, ಅಂದ್ರೆ ಬೆಳಕು ಅರ್ಧಕ್ಕಿಳಿಯಿತು (ಎಫ್ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕಡಿಮೆ). 2 ಪಟ್ಟಿನದಾದರೆ 1200 ಮಿ.ಮೀ. ಎಫ್/8, ಎರಡು ಸ್ಟಾಪ್ ಹೋಯಿತು.

ಈಗ ಪರೀಕ್ಷೆ. ಸಣ್ಣ ಅಕ್ಷರಗಳಿರುವ ಪತ್ರಿಕೆಯ ಹಾಳೆಯೊಂದನ್ನು ಗೋಡೆಗೆ ಸುಕ್ಕಿಲ್ಲದಂತೆ ಅಂಟಿಸಿ. ನೀವು ಸಾಮಾನ್ಯವಾಗಿ ಹಕ್ಕಿ ತೆಗೆಯುವಷ್ಟು ದೂರದಲ್ಲಿ, ಕ್ಯಾಮೆರಾ ಹಾಳೆಗೆ ನೇರವಾಗಿರುವಂತೆ ಟ್ರೈಪಾಡ್ ನಿಲ್ಲಿಸಿ. ಬೆಳಗ್ಗೆ ಬೇಗ ಮಾಡಿದರೆ ಒಳ್ಳೆಯದು, ಯಾಕಂದ್ರೆ ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿಗೆ ಅಕ್ಷರಗಳೆಲ್ಲ ನೀರೊಳಗಿದ್ದ ಹಾಗೆ ಅಲುಗಾಡುತ್ತವೆ, ಆಗ ಎಂಥಾ ದುಬಾರಿ ಲೆನ್ಸ್ ಕೂಡ ಸೋಲುತ್ತೆ, ನಾವು ಸುಮ್ನೆ ಕನ್ವರ್ಟರ್‌ನ ಬೈಯ್ತೀವಿ.

ರಾ ಫೈಲ್‌ನಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ. ಐಎಸ್ಒ (ಬೆಳಕಿನ ಸಂವೇದನೆಯ ಸೆಟ್ಟಿಂಗ್) ಬದಲಿಸಬೇಡಿ, ಬೆಳಕು ಕಡಿಮೆಯಾದಷ್ಟು ಶಟರ್ ಸ್ಪೀಡ್ ಇಳಿಸಿ. ಎರಡು ಸೆಕೆಂಡಿನ ಟೈಮರ್ ಹಾಕಿ, ಎಲೆಕ್ಟ್ರಾನಿಕ್ ಶಟರ್ ಇದ್ದರೆ ಬಳಸಿ.

ಫೋಕಸ್ ವಿಷಯದಲ್ಲಿ ಮಾತ್ರ ಅವಸರ ಬೇಡ. ಬಹುಪಾಲು ಪರೀಕ್ಷೆಗಳು ಕೆಡೋದು ಇಲ್ಲೇ. ಅದರಲ್ಲೂ ಡಿಎಸ್‌ಎಲ್‌ಆರ್‌ನಲ್ಲಿ ಬರೀ ಲೆನ್ಸ್‌ಗೆ ಸರಿಯಾಗಿದ್ದ ಆಟೋಫೋಕಸ್, ಕನ್ವರ್ಟರ್ ಹಾಕಿದ ಕೂಡಲೇ ಸ್ವಲ್ಪ ಹಿಂದೆ ಮುಂದೆ ಹೋಗಬಹುದು. ಲೈವ್ ವ್ಯೂ (ಹಿಂಬದಿಯ ಪರದೆಯಲ್ಲಿ ನೇರವಾಗಿ ನೋಡೋದು) ಹಾಕಿ, ಚಿತ್ರ ಹಿಗ್ಗಿಸಿ, ಒಂದು ಅಕ್ಷರದ ಅಂಚು ಗರಿಷ್ಠ ಸ್ಪಷ್ಟವಾಗುವ ತನಕ ಕೈಯಲ್ಲೇ ರಿಂಗ್ ತಿರುಗಿಸಿ. ಪ್ರತಿ ಸಲ ಹೊಸದಾಗಿ ಫೋಕಸ್ ಮಾಡಿ ನಾಲ್ಕೈದು ಫ್ರೇಮ್ ತೆಗೆದು, ಅದರಲ್ಲಿ ಚೆನ್ನಾಗಿರೋದನ್ನ ಮಾತ್ರ ಇಟ್ಟುಕೊಳ್ಳಿ.

ಬರೀ ಲೆನ್ಸ್, 1.4, 2 ಹೀಗೆ ಮೂರನ್ನೂ ಪೂರ್ತಿ ತೆರೆದ ಅಪರ್ಚರ್‌ನಲ್ಲಿ (ಬೆಳಕು ಒಳಬರುವ ಕಿಂಡಿ) ಒಮ್ಮೆ, ಒಂದು ಸ್ಟಾಪ್ ಇಳಿಸಿ ಒಮ್ಮೆ ತೆಗೆಯಿರಿ. 2 ಪಟ್ಟಿನದಕ್ಕೆ ಇಳಿಸಿದರೆ ಎಫ್/11 ಬರುತ್ತೆ. ಪಿಕ್ಸೆಲ್ ಚಿಕ್ಕದಿರುವ ಸೆನ್ಸರ್‌ನಲ್ಲಿ ಅಷ್ಟೊತ್ತಿಗೆ ಡಿಫ್ರಾಕ್ಷನ್ (ಕಿರಿದಾದ ಕಿಂಡಿ ದಾಟುವಾಗ ಬೆಳಕು ಹರಡೋದು) ಕೂಡ ವಿವರಗಳನ್ನು ಮೆತ್ತಗೆ ಮಾಡಲು ಶುರು ಮಾಡಿರುತ್ತೆ. ಹಾಗಾಗಿ ಇಳಿಸಿದಷ್ಟೂ ಲಾಭ ಅಂದುಕೊಳ್ಳಬೇಡಿ.

ಇನ್ನು ಹೋಲಿಕೆ. ಎರಡನ್ನೂ ನೂರು ಪರ್ಸೆಂಟ್‌ಗೆ ಹಿಗ್ಗಿಸಿ ಪಕ್ಕಪಕ್ಕ ಇಟ್ಟರೆ ಬರೀ ಲೆನ್ಸ್‌ನ ಚಿತ್ರವೇ ಗರಿಗರಿಯಾಗಿ ಕಾಣುತ್ತೆ, ಅಕ್ಷರ ಚಿಕ್ಕದಿರುತ್ತಲ್ವಾ! ಅದು ಮೋಸದ ಪಂದ್ಯ. ಬರೀ ಲೆನ್ಸ್‌ನ ಫೈಲನ್ನು 1.4 ಅಥವಾ 2 ಪಟ್ಟು ದೊಡ್ಡದು ಮಾಡಿ, ಅಕ್ಷರಗಳ ಅಳತೆ ಸಮ ಆದ ಮೇಲೆ ನೋಡಿ. ಬರೀ ಲೆನ್ಸ್‌ನಲ್ಲಿ ಕಲಸಿಹೋದ ಅಕ್ಷರವನ್ನ ಕನ್ವರ್ಟರ್ ಚಿತ್ರದಲ್ಲಿ ಓದೋಕಾದರೆ ಅದು ಗೆದ್ದ ಹಾಗೆ. ಕಾಂಟ್ರಾಸ್ಟ್ ಸ್ವಲ್ಪ ಕಮ್ಮಿ ಕಂಡರೆ ಅದಕ್ಕೇ ಸೋಲಿಸಬೇಡಿ, ಅದನ್ನು ಎಡಿಟಿಂಗ್‌ನಲ್ಲಿ ಸರಿಮಾಡಬಹುದು. ಇಲ್ಲದ ವಿವರವನ್ನು ತರೋಕಾಗಲ್ಲ.

ಒಳ್ಳೆ ಪ್ರೈಮ್ ಲೆನ್ಸ್‌ಗೆ (ಜೂಮ್ ಇಲ್ಲದ್ದು) 1.4 ಸಾಮಾನ್ಯವಾಗಿ ಗೆಲ್ಲುತ್ತೆ. ಎಫ್/6.3ರ ಜೂಮ್‌ಗೆ 2 ಪಟ್ಟಿನದು ಹಾಕಿದರೆ ಎಫ್/13 ಆಗುತ್ತೆ, ಅಲ್ಲಿ ನನ್ನ ಓಟು ಕ್ರಾಪ್‌ಗೇ. 45 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 1.4 ಪಟ್ಟು ಕ್ರಾಪ್ ಮಾಡಿದರೂ ಸುಮಾರು 23 ಮೆಗಾಪಿಕ್ಸೆಲ್ ಉಳಿಯುತ್ತೆ, 2 ಪಟ್ಟಾದರೆ 11ರ ಆಸುಪಾಸು.

ಕೊನೆಗೆ ಟ್ರೈಪಾಡ್ ಬಿಟ್ಟು, ಆಟೋಫೋಕಸ್ ಹಾಕಿ, ಕೈಯಲ್ಲೇ ಹಿಡಿದು ಇಷ್ಟನ್ನೂ ಇನ್ನೊಮ್ಮೆ ಮಾಡಿ. ಫಲಿತಾಂಶ ಬೇರೆ ಬಂದರೆ, ಹಕ್ಕಿ ಹಿಂದೆ ಓಡಾಡೋರು ನಂಬಬೇಕಾದದ್ದು ಈ ಎರಡನೆಯದನ್ನೇ.